ಎರಡೂ ಟ್ಯೂಬ್ ಬ್ಲಾಕ್ ಅಂದಿದ್ದಾರೆ. ಸೋಂಕಿನಿಂದಲೇ ಆಗಿದೆಯಾ? ಗಂಡನಿಗೂ ಪರೀಕ್ಷೆ ಬೇಕಾ?

ಬೆಟಗೇರಿ_27 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದನ್ನು ಮನೆಯಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟು ಕೇಳಲು ಆಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನನಗೆ 27 ವರ್ಷ. ಗದಗ-ಬೆಟಗೇರಿ. ಮದುವೆಯಾಗಿ ನಾಲ್ಕು ವರ್ಷ ಆಯಿತು. ಮೊದಲನೇ ವರ್ಷವೇ ಬಸಿರಾಗಿದ್ದೆ, ಮೂರು ತಿಂಗಳಿಗೆ ಹೋಯಿತು, ಆಗ ಗರ್ಭಚೀಲ ತೊಳೆದು ಕಳಿಸಿದರು. ಆಮೇಲೆ ಒಂದು ವಾರ ಜ್ವರ, ಕಿಬ್ಬೊಟ್ಟೆ ನೋವು ಇತ್ತು. ಅದೆಲ್ಲ ಇರೋದೇ ಅಂತ ಹೇಳಿದ್ದಕ್ಕೆ ಸುಮ್ನೆ ಇದ್ದೆ. ಅಲ್ಲಿಂದ ಇಲ್ಲಿಯವರೆಗೆ ಮತ್ತೆ ನಿಂತಿಲ್ಲ.

ಎರಡು ವರ್ಷದಿಂದ ಬಿಳಿ ಸೆರಗು ಜಾಸ್ತಿ. ಒಮ್ಮೊಮ್ಮೆ ವಾಸನೆಯೂ ಇರುತ್ತೆ. ನಮ್ಮ ಅತ್ತೆ "ಮೈಯಾಗ ಉಷ್ಣ ಆಗೇತಿ, ಜೀರಿಗಿ ನೀರು ಕುಡಿ" ಅಂದರು, ಕುಡಿದೆ. ಸರ್ಕಾರಿ ದವಾಖಾನೆಗೆ ಹೋದಾಗ ಹಸಿರು ಬಣ್ಣದ ಪ್ಯಾಕೆಟ್‌ನಲ್ಲಿ ಗುಳಿಗೆ ಕೊಟ್ಟರು. ಒಂದು ತಿಂಗಳು ಆರಾಮ, ಮತ್ತೆ ಅದೇ. ಹೀಗೆ ಮೂರು ಸಲ ಆಯಿತು.

ಹೋದ ತಿಂಗಳು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡೈ ಹಾಕಿ ಎಕ್ಸ್‌ರೇ ತೆಗೆದರು. ಅಂಡ ಗರ್ಭಚೀಲಕ್ಕೆ ಬರುವ ಟ್ಯೂಬ್ ಎರಡೂ ಕಡೆ ಬ್ಲಾಕ್. "ಯಾವಾಗಲೋ ಇನ್ಫೆಕ್ಷನ್ ಆಗಿರಬೇಕು, ಐವಿಎಫ್ ಯೋಚನೆ ಮಾಡಿ" ಅಂತ ಎರಡು ಮಾತಿನಲ್ಲಿ ಮುಗಿಸಿದರು. ಐವಿಎಫ್ ಅಂದರೆ ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಚೀಲದಲ್ಲಿ ಇಡುವುದಂತೆ. ಹೊರಗೆ ಬೆಂಚಿನ ಮೇಲೆ ಕೂತು ನಮ್ಮ ಮನೆಯವರು ಮೊಬೈಲಿನಲ್ಲಿ ಹುಡುಕಿದರು. ಕ್ಲಮೈಡಿಯಾ, ಗೊನೋರಿಯಾ, ಲೈಂಗಿಕವಾಗಿ ಹರಡುವ ಸೋಂಕು, ಇವೇ ಬಂದವು. ಓದಿ ಮೊಬೈಲ್ ಜೇಬಿಗೆ ಹಾಕಿಕೊಂಡರು. ಬಸ್ಸಿನಲ್ಲಿ ಗದಗ ಬರುವ ತನಕ ಮಾತಿಲ್ಲ, ಅಣ್ಣಿಗೇರಿ ಹತ್ತಿರ ಒಂದೇ ಸಲ "ನೀರು ಬೇಕಾ" ಅಂದರು, ಅಷ್ಟೇ.

ನಾನು ಇವರನ್ನು ಬಿಟ್ಟು ಬೇರೆ ಯಾರ ಮುಖ ನೋಡಿದವಳಲ್ಲ. ಅವರ ಮೇಲೂ ನನಗೆ ಸಂಶಯ ಇಲ್ಲ. ಹಾಗಿದ್ದರೆ ಇದು ಎಲ್ಲಿಂದ ಬಂತು? ಬಿಳಿ ಸೆರಗಿನಿಂದಲೇ ಟ್ಯೂಬ್ ಮುಚ್ಚಿತಾ? ಇದರ ಬಗ್ಗೆ ಸರಿಯಾಗಿ ಸಂಶೋಧನೆ ಆಗಿದೆಯಾ, ಅಥವಾ ಎಲ್ಲರೂ ಅಂದಾಜಿನ ಮೇಲೆ ಹೇಳುತ್ತಿದ್ದಾರಾ? ಗೊತ್ತಿದ್ದವರು ಹೇಳಿ.

ಹಿತ್ತಲ_ಗಿಡ:

ನಮ್ಮ ಅಕ್ಕನಿಗೂ ಬಿಳಿ ಸೆರಗು ಹೀಗೇ ಇತ್ತು. ದಿನಾ ಪಟಿಕ ಕರಗಿಸಿದ ನೀರಿನಲ್ಲಿ ಒಳಗೆ ತೊಳೆದುಕೊಂಡು ವಾಸನೆ ಹೋಯಿತು. ನೀವೂ ಮಾಡಿ ನೋಡಿ, ಖರ್ಚಿಲ್ಲ.

ರಾಣೆಬೆನ್ನೂರು_ಸಿಸ್ಟರ್:

ತಂಗಿ, ಆ ಪಟಿಕದ ನೀರಿನ ತಂಟೆಗೆ ಮಾತ್ರ ಹೋಗಬೇಡ. ಹೇಳಿದವರು ಒಳ್ಳೆಯದಕ್ಕೇ ಹೇಳಿದ್ದಾರೆ, ಆದರೆ ಒಳಗೆ ನೀರು ಹಾಕಿ ತೊಳೆಯಲೇಬಾರದು. ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅಂತ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ, ಮೊಸರಿನಲ್ಲಿ ಇರುತ್ತವಲ್ಲ ಆ ಜಾತಿಯವು. ಅವು ಹುಳಿ ಮಾಡಿ ಜಾಗವನ್ನು ಕಾಯುತ್ತವೆ. ತೊಳೆದು ತೊಳೆದು ಅವನ್ನು ಓಡಿಸಿದರೆ ಬೇಡದವು ಬಂದು ಕೂರುತ್ತವೆ. ಡೆಟಾಲ್ ಹಾಕಿ ತೊಳೆದುಕೊಂಡು ಸುಟ್ಟುಕೊಂಡು ಬಂದವರನ್ನೂ ನೋಡಿದ್ದೇನೆ. ಹೊರಗೆ ಬರೀ ನೀರು ಸಾಕು.

ನಾನು ಹಾವೇರಿ ಜಿಲ್ಲೆಯಲ್ಲಿ ಹದಿನೆಂಟು ವರ್ಷದಿಂದ ನರ್ಸ್. ನೀನು ಎರಡು ಬೇರೆ ವಿಷಯ ಒಂದೇ ಗಂಟಿನಲ್ಲಿ ಕಟ್ಟಿದ್ದೀಯ, ಅದನ್ನು ಬಿಚ್ಚಬೇಕು.

ಒಂದು, ಬಿಳಿ ಸೆರಗು. ಇದು ಸ್ವಲ್ಪ ಮಟ್ಟಿಗೆ ಎಲ್ಲರಿಗೂ ಇರುತ್ತೆ, ಮುಟ್ಟಿನ ನಡುವಿನ ದಿನಗಳಲ್ಲಿ ಜಾಸ್ತಿ ಆಗುತ್ತೆ, ಅದು ರೋಗ ಅಲ್ಲ. ಮೀನಿನ ವಾಸನೆ ಇದ್ದರೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಇರಬಹುದು, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆ ಆಗಿ ಬೇರೆಯವು ಹೆಚ್ಚಾಗಿವೆ ಅಂತ. ಮೊಸರು ಒಡೆದ ಹಾಗೆ ಗಟ್ಟಿ, ತುರಿಕೆ ಇದ್ದರೆ ಸಾಮಾನ್ಯವಾಗಿ ಫಂಗಸ್. ನಿನಗೆ ಕೊಟ್ಟ ಹಸಿರು ಪ್ಯಾಕೆಟ್‌ನಲ್ಲಿ ಇರುವುದು ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್. ಇವಕ್ಕೆ ಅದು ಸರಿ. ಟ್ರೈಕೊಮೊನಾಸ್ ಅನ್ನೋ ಲೈಂಗಿಕ ಸೋಂಕಿಗೂ ಸರಿ. ಆದರೆ ಕ್ಲಮೈಡಿಯಾ, ಗೊನೋರಿಯಾಗೆ ಅದು ಏನೂ ಮಾಡಲ್ಲ. ಅವಕ್ಕೆ ಬೂದು ಬಣ್ಣದ ಪ್ಯಾಕೆಟ್ ಬೇರೆ ಇದೆ, ಅಜಿತ್ರೋಮೈಸಿನ್ ಮತ್ತು ಸೆಫಿಕ್ಸಿಮ್. ಕಿಬ್ಬೊಟ್ಟೆ ನೋವಿದ್ದರೆ ಹಳದಿ. ಯಾವ ಬಣ್ಣ ಅಂತ ತೀರ್ಮಾನ ಮಾಡಬೇಕಾದರೆ ಮಲಗಿಸಿ, ಸ್ಪೆಕ್ಯುಲಮ್ ಅನ್ನೋ, ಒಳಗೆ ಅಗಲಿಸಿ ನೋಡುವ ಸಾಧನ ಹಾಕಿ ಗರ್ಭಚೀಲದ ಬಾಯಿ ನೋಡಬೇಕು. ನಿನಗೆ ಮೂರು ಸಲ ಕೊಟ್ಟಾಗ ಒಮ್ಮೆಯಾದರೂ ನೋಡಿದರಾ? ಬರೀ ಕೇಳಿ ಕೊಟ್ಟಿದ್ದರೆ ಅದು ಅರ್ಧ ಕೆಲಸ.

ಎರಡು, ಟ್ಯೂಬ್. ಬಿಳಿ ಸೆರಗಿನಿಂದ ಟ್ಯೂಬ್ ಮುಚ್ಚಲ್ಲ. ಸೋಂಕು ಗರ್ಭಚೀಲದ ಬಾಯಿ ದಾಟಿ ಮೇಲೆ ಹತ್ತಿದಾಗ ಮುಚ್ಚುತ್ತೆ. ಹತ್ತಲು ದಾರಿ ಒಂದೇ ಅಲ್ಲ. ಗರ್ಭ ಹೋದ ಮೇಲೆ, ಗರ್ಭಚೀಲ ತೊಳೆದ ಮೇಲೆ, ಹೆರಿಗೆಯ ಮೇಲೆ ಆಗುವ ಸೋಂಕೂ ಹತ್ತುತ್ತೆ. ನೀನು ಬರೆದ ಆ ಒಂದು ವಾರದ ಜ್ವರ, ಕಿಬ್ಬೊಟ್ಟೆ ನೋವು ಓದಿದಾಗ ನನಗೆ ಮೊದಲು ಹೊಳೆದದ್ದು ಅದೇ. ಅಪೆಂಡಿಕ್ಸ್ ಒಡೆದರೂ ಆಗುತ್ತೆ. ನಮ್ಮ ದೇಶದಲ್ಲಿ ಟಿಬಿಯನ್ನು ಮರೆಯಲೇಬಾರದು, ಕೆಮ್ಮು ಇಲ್ಲದೆ ಟಿಬಿ ಬರೀ ಟ್ಯೂಬಿನಲ್ಲಿ, ಗರ್ಭಚೀಲದಲ್ಲಿ ಕೂತಿರುತ್ತೆ. ಹಾಗಾಗಿ "ಸೋಂಕು" ಅಂದ ಕೂಡಲೇ ನಡತೆಗೆ ಹೋಗಬೇಡಿ ಇಬ್ಬರೂ.

ಇನ್ನೊಂದು ಮಾತು. ಡೈ ಹಾಕುವಾಗ ನೋವಿಗೆ ಟ್ಯೂಬಿನ ಬುಡ ಬಿಗಿದುಕೊಂಡು ಬ್ಲಾಕ್ ಇದ್ದ ಹಾಗೆ ಕಾಣೋದೂ ಉಂಟು. ಬುಡದಲ್ಲಿ ಬ್ಲಾಕಾ, ತುದಿಯಲ್ಲಿ ಬ್ಲಾಕಾ ಅಂತ ರಿಪೋರ್ಟಿನಲ್ಲಿ ಬರೆದಿರುತ್ತಾರೆ, ನೋಡು.

ಲ್ಯಾಬ್_ವಿದ್ಯಾನಗರ:

ಸಿಸ್ಟರ್ ಹೇಳಿದ್ದು ಸರಿ ಇದೆ. ನಾನು ಹುಬ್ಬಳ್ಳಿಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಪರೀಕ್ಷೆಯ ವಿಷಯ ಮಾತ್ರ ಹೇಳುತ್ತೇನೆ.

ಕ್ಲಮೈಡಿಯಾ, ಗೊನೋರಿಯಾಗೆ ಈಗ ಮಾಡುವ ಒಳ್ಳೆಯ ಪರೀಕ್ಷೆ ನಾಟ್, ಅಂದರೆ ಪಿಸಿಆರ್ ತರಹದ್ದು, ಕೋವಿಡ್ ಕಾಲದಲ್ಲಿ ಎಲ್ಲರಿಗೂ ಗೊತ್ತಾಯಿತಲ್ಲ ಆ ಜಾತಿ. ನಾವು ಸ್ಯಾಂಪಲ್ ತೆಗೆದು ಬೆಂಗಳೂರಿಗೆ ಕಳಿಸುತ್ತೇವೆ. ಹೆಂಗಸರಿಗೆ ಸ್ವ್ಯಾಬ್, ಅದನ್ನು ನೀವೇ ಬಾತ್‌ರೂಮಿಗೆ ಹೋಗಿ ತೆಗೆದುಕೊಟ್ಟರೂ ಡಾಕ್ಟರ್ ತೆಗೆದಷ್ಟೇ ಚೆನ್ನಾಗಿ ಬರುತ್ತೆ. ಗಂಡಸರಿಗೆ ಬರೀ ಮೂತ್ರ. ಆದರೆ ಶುಗರ್ ಪರೀಕ್ಷೆಗೆ ಕೊಟ್ಟ ಹಾಗಲ್ಲ, ಒಂದು ತಾಸು ಮೂತ್ರಕ್ಕೆ ಹೋಗದೆ ಇದ್ದು, ಮೊದಲು ಬರುವ ಸ್ವಲ್ಪವನ್ನೇ ಹಿಡಿಯಬೇಕು. ನಡುವಿನದು ಹಿಡಿದರೆ ರೋಗಾಣು ತಪ್ಪಿಹೋಗಬಹುದು. ಇದನ್ನು ನಾನು ದಿನಾ ಕೌಂಟರಿನಲ್ಲಿ ಹೇಳುತ್ತೇನೆ, ಅರ್ಧ ಜನ ಕೇಳಿಸಿಕೊಳ್ಳದೆ ಡಬ್ಬಿ ತುಂಬಿಸಿ ತರುತ್ತಾರೆ.

ರಿಪೋರ್ಟ್ ಓದುವಾಗ ಎರಡು ವಿಷಯ ನೆನಪಿಡಿ. ಈಗ ನೆಗೆಟಿವ್ ಬಂದರೆ ಹಿಂದೆ ಇರಲೇ ಇಲ್ಲ ಅಂತ ಅರ್ಥ ಅಲ್ಲ. ರೋಗಾಣು ಹೋಗಿರುತ್ತೆ, ಗಾಯ ಉಳಿದಿರುತ್ತೆ. ಪಾಸಿಟಿವ್ ಬಂದರೆ ಅದು ಯಾವಾಗ ಬಂತು, ಯಾರಿಂದ ಯಾರಿಗೆ ಹೋಯಿತು ಅಂತ ಯಾವ ಲ್ಯಾಬೂ ಹೇಳಲು ಆಗಲ್ಲ. ಕ್ಲಮೈಡಿಯಾ ಒಂದು ವರ್ಷಕ್ಕಿಂತ ಜಾಸ್ತಿ ಕೂಡ ಏನೂ ಗುರುತಿಲ್ಲದೆ ಒಳಗೇ ಇರಬಲ್ಲದು. ಆ ಕಾಗದ ಹಿಡಿದು ಜಗಳ ಮಾಡಿದ ಜೋಡಿಗಳನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಟಿಬಿಗೆ ಗರ್ಭಚೀಲದ ಒಳಪದರದ ಚೂರು ತೆಗೆದು ನೋಡುತ್ತಾರೆ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಸರ್ಕಾರಿ ಐಸಿಟಿಸಿಯಲ್ಲಿ, ಅಂದರೆ ಸಲಹೆ ಮತ್ತು ಪರೀಕ್ಷೆಯ ಕೇಂದ್ರದಲ್ಲಿ, ದುಡ್ಡಿಲ್ಲದೆ ಆಗುತ್ತೆ. ಅಂದ ಹಾಗೆ ಮನೆಯವರ ವೀರ್ಯ ಪರೀಕ್ಷೆ ಆಗಿದೆಯಾ?

ಬೆಟಗೇರಿ_27:

ಸಿಸ್ಟರ್, ಒಂದು ಸಲವೂ ಒಳಗೆ ನೋಡಿಲ್ಲ. ಕೌಂಟರಿನ ಹತ್ತಿರ ನಿಂತೇ ಕೇಳಿ ಬರೆದುಕೊಟ್ಟರು, ಹಿಂದೆ ಸಾಲು ಇತ್ತು, ನಾನೂ ಸಣ್ಣ ದನಿಯಲ್ಲಿ ಹೇಳಿದೆ. ರಿಪೋರ್ಟಿನಲ್ಲಿ ಬಲಗಡೆ ಬುಡದಲ್ಲಿ, ಎಡಗಡೆ ತುದಿಯಲ್ಲಿ ಬ್ಲಾಕ್ ಅಂತ ಇದೆ.

ವೀರ್ಯ ಪರೀಕ್ಷೆ ಆಗಿಲ್ಲ. ನಾಲ್ಕು ವರ್ಷದಲ್ಲಿ ಅವರಿಗೆ ಒಂದೂ ಪರೀಕ್ಷೆ ಆಗಿಲ್ಲ, ಯಾರೂ ಕೇಳಿಯೂ ಇಲ್ಲ, ಈಗ ನೀವು ಕೇಳಿದಾಗಲೇ ನನಗೆ ಹೊಳೆದದ್ದು. ಬನ್ನಿ ಅಂದರೆ "ನನಗೇನಾಗೇತಿ, ನಾ ಆರಾಮ ಅದೀನಿ" ಅನ್ನುತ್ತಾರೆ. ಕೆಟ್ಟವರಲ್ಲ. ಹೆದರಿದ್ದಾರೆ ಅನಿಸುತ್ತೆ.

ನವಲಗುಂದ_ಹೊಲ:

ಅಕ್ಕಾರ, ಗಂಡಸರ ಕಡೆಯಿಂದ ನಾನೊಬ್ಬ ಬರೆಯುತ್ತೇನೆ.

ಮೂರು ವರ್ಷದ ಹಿಂದೆ ನನ್ನ ಹೆಂಡತಿಗೆ ಹೀಗೇ ಕಿಬ್ಬೊಟ್ಟೆ ನೋವು, ಸೆರಗು. ಅವಳಿಗೆ ಔಷಧಿ ಕೊಟ್ಟ ಡಾಕ್ಟರ್ ನನಗೂ ಒಂದು ಪ್ಯಾಕೆಟ್ ಕೊಟ್ಟು "ಇಬ್ಬರೂ ತಗೊಳ್ಳಿ, ಮುಗಿಯುವ ತನಕ ಒಂದು ವಾರ ಕೂಡಬೇಡಿ" ಅಂದರು. ನನಗೆ ಸಿಟ್ಟು ಬಂತು. ನನಗೆ ಉರಿ ಇಲ್ಲ, ಕೀವು ಇಲ್ಲ, ನಾನ್ಯಾಕೆ ನುಂಗಲಿ? ಶರ್ಟಿನ ಜೇಬಿನಲ್ಲಿಟ್ಟು ಮರೆತೆ. ಅವಳು ಮಾತ್ರ ಪೂರ್ತಿ ತಗೊಂಡಳು. ಎರಡೇ ತಿಂಗಳಿಗೆ ಅವಳಿಗೆ ಮತ್ತೆ ಶುರುವಾಯಿತು, ಈ ಸಲ ಎದ್ದು ನಿಲ್ಲಲು ಆಗದಷ್ಟು ನೋವು, ರಾತ್ರಿ ಹುಬ್ಬಳ್ಳಿಗೆ ಕರೆದುಕೊಂಡು ಓಡಿದೆ. ಅವಳನ್ನು ಅಡ್ಮಿಟ್ ಮಾಡಿದ ಮೇಲೆ ಮನೆಗೆ ಬಂದು ಬಟ್ಟೆ ಒಗೆಯಲು ತೆಗೆದರೆ ಆ ಪ್ಯಾಕೆಟ್ ಹಾಗೇ ಜೇಬಿನಲ್ಲಿ ಸಿಕ್ಕಿತು. ಒಡೆದಿರಲಿಲ್ಲ. ಅದನ್ನು ಹಿಡಿದುಕೊಂಡು ಬಚ್ಚಲಲ್ಲೇ ಕೂತೆ.

ಆಮೇಲೆ ಪರೀಕ್ಷೆ ಮಾಡಿಸಿದರೆ ನನಗೆ ಕ್ಲಮೈಡಿಯಾ ಇತ್ತು. ಮದುವೆಗೆ ಮೊದಲಿನದು ಇರಬೇಕು, ಅದನ್ನು ಅವಳಿಗೆ ಹೇಳಿದೆ, ಹೇಳುವುದು ಸುಲಭ ಇರಲಿಲ್ಲ. ಗಂಡಸರಲ್ಲೂ ಇದು ಎಷ್ಟೋ ಸಲ ಏನೂ ಗುರುತಿಲ್ಲದೆ ಇರುತ್ತಂತೆ, ನನಗೆ ಅದು ಗೊತ್ತೇ ಇರಲಿಲ್ಲ.

ನಿಮ್ಮ ಮನೆಯವರಿಗೆ "ನೀವು ಪರೀಕ್ಷೆ ಮಾಡಿಸಿಕೊಳ್ಳಿ" ಅನ್ನಬೇಡಿ. "ನಮ್ಮಿಬ್ಬರದೂ ಒಂದೇ ಸಲ ಮಾಡಿಸಿಬಿಡೋಣ" ಅನ್ನಿ. ಬೇಕಾದರೆ ನಾನು ಬರೆದ ಇದನ್ನೇ ಓದಿಸಿ. ಮುಖ ತೋರಿಸದೆ ಮೊದಲು ಮಾತಾಡಬೇಕು ಅಂದರೆ 1097ಕ್ಕೆ ಫೋನ್ ಮಾಡಲಿ, ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಮೊದಲು ಮಾಡಿದ್ದು ಅಲ್ಲಿಗೇ.

ಕೆಲಗೇರಿ_ಓದು:

ಸಂಶೋಧನೆ ಆಗಿದೆಯಾ ಅಂತ ಕೇಳಿದ್ದೀರಿ. ಧಾರವಾಡದಲ್ಲಿ ಹೆಣ್ಣುಮಕ್ಕಳ ಆರೋಗ್ಯದ ವಿಷಯದಲ್ಲೇ ಪಿಎಚ್‌ಡಿ ಮಾಡುತ್ತಿದ್ದೇನೆ, ಹಾಗಾಗಿ ಇದನ್ನು ನಾನು ಹೇಳಬಹುದು. ಆಗಿದೆ, ಚೆನ್ನಾಗಿ ಆಗಿದೆ. ಅದು ಕೌಂಟರಿನ ತನಕ ಬಂದಿಲ್ಲ ಅನ್ನೋದೇ ನನ್ನ ಸಂಕಟ.

ಟ್ಯೂಬಿನ ವಿಷಯಕ್ಕೆ ಎಲ್ಲರೂ ಮೊದಲು ತೆಗೆಯುವುದು ಸ್ವೀಡನ್ನಿನ ಲುಂಡ್ ಊರಿನ ಅಧ್ಯಯನ. 1960ರಿಂದ 1984ರ ತನಕ, ಹೊಟ್ಟೆಯೊಳಗೆ ಸೋಂಕಾಗಿದೆ ಅಂತ ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನು ಹಾಕಿ, ಕಣ್ಣಾರೆ ನೋಡಿದ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. 1992ರಲ್ಲಿ ಪ್ರಕಟ ಆಯಿತು. ಒಂದು ಸಲ ಸೋಂಕಾದವರಲ್ಲಿ ಟ್ಯೂಬ್ ಕೆಟ್ಟು ಮಕ್ಕಳಾಗದವರು 100ಕ್ಕೆ 8. ಎರಡು ಸಲ ಆದವರಲ್ಲಿ ಸುಮಾರು 20. ಮೂರು ಅಥವಾ ಹೆಚ್ಚು ಸಲ ಆದವರಲ್ಲಿ 40. ಒಂದೊಂದು ಸಲ ಮರುಕಳಿಸಿದಾಗಲೂ ಎರಡು ಪಟ್ಟು ಏರುತ್ತೆ, ನೋಡಿ. ಮೇಲೆ ನವಲಗುಂದದ ಅಣ್ಣ ಬರೆದ ಆ ಒಡೆಯದ ಪ್ಯಾಕೆಟ್ಟಿಗೆ ಇಷ್ಟು ಬೆಲೆ ಇದೆ.

ಟ್ಯೂಬಿನ ಒಳಗೆ ರೇಷ್ಮೆ ಎಳೆಯಂಥ ಸಣ್ಣ ಕೂದಲುಗಳಿರುತ್ತವೆ, ಅವು ಬೀಸಿ ಬೀಸಿ ಅಂಡವನ್ನು ಗರ್ಭಚೀಲದ ಕಡೆ ತಳ್ಳುತ್ತವೆ. ಸೋಂಕಾದಾಗ ರೋಗಾಣುವಿನ ಜೊತೆ ನಮ್ಮ ಮೈ ಮಾಡುವ ಜಗಳದಲ್ಲೇ ಆ ಕೂದಲು ಸುಟ್ಟಂತಾಗಿ, ಗೋಡೆಗೆ ಗೋಡೆ ಅಂಟಿಕೊಳ್ಳುತ್ತೆ. ಆಂಟಿಬಯಾಟಿಕ್ ರೋಗಾಣುವನ್ನು ಕೊಲ್ಲುತ್ತೆ, ಅಂಟಿದ್ದನ್ನು ಬಿಡಿಸಲ್ಲ. ಅರ್ಧ ಅಂಟಿದರೆ ಗರ್ಭ ಟ್ಯೂಬಿನಲ್ಲೇ ನಿಂತುಬಿಡುವ ಅಪಾಯ, ಅದು ಜೀವಕ್ಕೇ ಕುತ್ತು. ಹೆಚ್ಚಿನ ಹೆಂಗಸರಿಗೆ ಕ್ಲಮೈಡಿಯಾ ಬಂದದ್ದೇ ಗೊತ್ತಾಗಲ್ಲ. ಗೊತ್ತಾಗದ ರೋಗಕ್ಕೆ ಯಾವ ಬಣ್ಣದ ಪ್ಯಾಕೆಟ್ ಕೊಡ್ತೀರಿ? ಗುರುತು ನೋಡಿ ಔಷಧಿ ಕೊಡುವ ಪದ್ಧತಿಯ ದೊಡ್ಡ ಕೊರತೆ ಇದು. ಅಮೆರಿಕದ ಸಿಯಾಟಲ್‌ನಲ್ಲಿ ಅಪಾಯ ಹೆಚ್ಚಿದ್ದ ಹುಡುಗಿಯರನ್ನು, ಏನೂ ತೊಂದರೆ ಹೇಳದಿದ್ದರೂ, ಕರೆದು ಪರೀಕ್ಷೆ ಮಾಡಿದರು. ಮುಂದಿನ ಒಂದು ವರ್ಷದಲ್ಲಿ ಹೊಟ್ಟೆಯೊಳಗಿನ ಸೋಂಕು ಅರ್ಧಕ್ಕಿಂತ ಕಡಿಮೆ ಆಯಿತು. ಅದು ಬಂದದ್ದು 1996ರಲ್ಲಿ.

ನಮ್ಮ ಕಡೆಯದು ಹೇಳದಿದ್ದರೆ ತಪ್ಪಾಗುತ್ತೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಅವರ ಗಂಡ ಡಾ. ಅಭಯ್ ಬಂಗ್ ಎರಡು ಹಳ್ಳಿಯ 650 ಹೆಂಗಸರನ್ನು ಪರೀಕ್ಷೆ ಮಾಡಿ 1989ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 100ಕ್ಕೆ 92 ಜನರಿಗೆ ಗರ್ಭಚೀಲಕ್ಕೋ ಜನನಾಂಗಕ್ಕೋ ಸಂಬಂಧಪಟ್ಟ ಏನೋ ಒಂದು ತೊಂದರೆ ಇತ್ತು. ಅದಕ್ಕೆ ಮೊದಲು ಯಾವಾಗಲಾದರೂ ಡಾಕ್ಟರ್ ಒಳಗೆ ನೋಡಿದ್ದು 100ಕ್ಕೆ 8 ಜನರಿಗೆ ಮಾತ್ರ. "ಸಾಲು ಇತ್ತು, ಸಣ್ಣ ದನಿಯಲ್ಲಿ ಹೇಳಿದೆ" ಅಂತ ನೀವು ಬರೆದದ್ದು ಓದಿ ನನಗೆ ಆ 8 ನೆನಪಾಯಿತು.

ಗೋವಾದಲ್ಲಿ ಸುಮಾರು 2,500 ಹೆಂಗಸರ ಮೇಲೆ ನಡೆದ ಅಧ್ಯಯನ ಇನ್ನೊಂದು, 2005-06ರಲ್ಲಿ ಬಂತು. ಅಲ್ಲಿ ಜನನಾಂಗದ ಯಾವುದಾದರೂ ಸೋಂಕು ಇದ್ದವರು 100ಕ್ಕೆ ಸುಮಾರು 28, ಆದರೆ ಲೈಂಗಿಕವಾಗಿ ಹರಡುವಂಥದ್ದು ಇದ್ದವರು ಸುಮಾರು 4 ಮಾತ್ರ. ಬಿಳಿ ಸೆರಗು ಅಂತ ಹೇಳಿಕೊಂಡ ಎಷ್ಟೋ ಜನರಲ್ಲಿ ಸೋಂಕೇ ಇರಲಿಲ್ಲ. ಸೋಂಕಿಗಿಂತ ಮನಸ್ಸಿನ ನೋವು, ಚಿಂತೆ, ಮನೆಯ ಕಷ್ಟದ ಜೊತೆಗೇ ಆ ದೂರಿಗೆ ನಂಟು ಜಾಸ್ತಿ ಕಂಡಿತು. ಬಿಳಿ ಸೆರಗು ಅಂದ ಕೂಡಲೇ ಗುಪ್ತರೋಗ ಅನ್ನುವವರಿಗೆ ಇದನ್ನು ತೋರಿಸಬೇಕು.

ಕೊನೆಯದು, ನಿಮಗೆ ನೇರವಾಗಿ ಬೇಕಾದದ್ದು. ಬ್ಯಾಕ್ಟೀರಿಯಲ್ ವಜೈನೋಸಿಸ್ ಬರೀ ಹೆಂಗಸಿನ ಸಮಸ್ಯೆ ಅಂತಲೇ ಇಷ್ಟು ದಿನ ಗಂಡನಿಗೆ ಔಷಧಿ ಕೊಡುತ್ತಿರಲಿಲ್ಲ. ಆಸ್ಟ್ರೇಲಿಯಾದಲ್ಲಿ 164 ಜೋಡಿಗಳ ಮೇಲೆ ಪ್ರಯೋಗ ಮಾಡಿದರು, 2025ರಲ್ಲಿ ಪ್ರಕಟ ಆಗಿದೆ. ಹೆಂಡತಿಗೆ ಮಾತ್ರ ಕೊಟ್ಟಾಗ 12 ವಾರದೊಳಗೆ 100ಕ್ಕೆ 63 ಜನರಿಗೆ ಮತ್ತೆ ಬಂತು. ಗಂಡನಿಗೂ ಏಳು ದಿನ ಗುಳಿಗೆ, ಜೊತೆಗೆ ಹಚ್ಚಲು ಕ್ರೀಮ್ ಕೊಟ್ಟಾಗ 35. ಇಷ್ಟು ವ್ಯತ್ಯಾಸ ಕಂಡ ಮೇಲೆ ಒಂದು ಗುಂಪಿಗೆ ಕೊಡದೆ ಇರೋದು ಸರಿಯಲ್ಲ ಅಂತ ಪ್ರಯೋಗವನ್ನೇ ಬೇಗ ನಿಲ್ಲಿಸಿದರು. ನಿಮಗೆ ಮೂರು ಸಲ ಮರುಕಳಿಸಿದ್ದು ಇದೇ ಆಗಿದ್ದರೆ ಡಾಕ್ಟರ್ ಹತ್ತಿರ ಈ ಮಾತು ಎತ್ತಿ. ನೀವೇ ಮೆಡಿಕಲ್ ಶಾಪಿನಲ್ಲಿ ತಗೊಳ್ಳಬೇಡಿ.

ರಾಣೆಬೆನ್ನೂರು_ಸಿಸ್ಟರ್:

ಓದಿ ಖುಷಿಯಾಯಿತು ತಂಗಿ, ಇಂಥ ಮಾತು ನಮ್ಮ ಟ್ರೇನಿಂಗಿನಲ್ಲಿ ಹೇಳಿದ್ದರೆ ಚೆನ್ನಾಗಿತ್ತು.

ಒಂದು ಸೇರಿಸುತ್ತೇನೆ, ಇದನ್ನು ಓದುತ್ತಿರುವ ಬೇರೆಯವರಿಗೂ ಬೇಕು. ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಬರುವ ಹೆಂಗಸರು ಬೆಳಗಿನಿಂದ ಸಂಜೆ ತನಕ ಕೂತಲ್ಲೇ ಕೂತಿರುತ್ತಾರೆ, ಸಂಡಾಸಕ್ಕೆ ಜಾಗ ಇಲ್ಲ ಅಂತ ನೀರೇ ಕುಡಿಯಲ್ಲ. ಮೂತ್ರದ ಉರಿ, ಬಿಳಿ ಸೆರಗು, ಸೊಂಟ ನೋವು ಎಲ್ಲ ಸೇರಿಸಿ "ಚೀಲ ಕೆಟ್ಟೈತಿ" ಅಂತ ಅವರೇ ಹೇಳಿಕೊಂಡು ಬರುತ್ತಾರೆ. ಹಾಗೆ ಬಂದ ಮೂವತ್ತೈದರ ಹೆಂಗಸಿಗೆ ಗರ್ಭಚೀಲ ತೆಗೆಸು ಅನ್ನುವವರೂ ಇದ್ದಾರೆ. ಬಿಳಿ ಸೆರಗಿಗೆ ಗರ್ಭಚೀಲ ತೆಗೆಯುವುದು ಚಿಕಿತ್ಸೆಯೇ ಅಲ್ಲ. ಬೇಡದ ಗರ್ಭಚೀಲ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕು ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಯಾರಾದರೂ ತೆಗೆಸು ಅಂದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ಸಹಿ ಹಾಕಬೇಡಿ.

ಬೆಟಗೇರಿ ತಂಗಿ, ಎಡಗಡೆ ತುದಿ ಬ್ಲಾಕ್ ಆಗಿ ಟ್ಯೂಬಿನಲ್ಲಿ ನೀರು ತುಂಬಿದೆಯಾ ಅಂತ ಕೇಳು. ನೀರು ತುಂಬಿದ್ದರೆ ಐವಿಎಫ್‌ಗೆ ಮೊದಲು ಆ ಟ್ಯೂಬನ್ನೇ ತೆಗೆಯಬೇಕು ಅಥವಾ ಅದಕ್ಕೆ ಕ್ಲಿಪ್ ಹಾಕಬೇಕು, ಇಲ್ಲದಿದ್ದರೆ ಆ ನೀರು ಗರ್ಭಚೀಲಕ್ಕೆ ಇಳಿದು ಭ್ರೂಣ ನಿಲ್ಲಲು ಬಿಡಲ್ಲ. ಐವಿಎಫ್ ಅಂದ ಕೂಡಲೇ ಎದೆಗುಂದಬೇಡ. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಮಗು ಹುಟ್ಟಿತಲ್ಲ, ಆ ತಾಯಿಗೂ ಇದೇ, ಎರಡೂ ಟ್ಯೂಬ್ ಬ್ಲಾಕ್. ಆದರೆ ಅದಕ್ಕೆ ಮೊದಲು ಬಲಗಡೆಯದು ನಿಜವಾಗಿ ಬ್ಲಾಕಾ ಅಂತ ಲ್ಯಾಪ್ರೊಸ್ಕೋಪಿಯಲ್ಲಿ ನೋಡಿಸು.

ಬೆಟಗೇರಿ_27:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನವಲಗುಂದದ ಅಣ್ಣ ಬರೆದದ್ದನ್ನು ಮೊಬೈಲಿನಲ್ಲಿ ತೆಗೆದು ದಿಂಬಿನ ಹತ್ತಿರ ಇಟ್ಟು ಅಡಿಗೆಮನೆಗೆ ಹೋದೆ. ಓದಿದರು. ಆ ರಾತ್ರಿ ಏನೂ ಹೇಳಲಿಲ್ಲ. ಮರುದಿನ ಮುಂಜಾನೆ ಚಹಾ ಕುಡಿಯುತ್ತಾ "ಶನಿವಾರ ರಜಾ ಹಾಕ್ತೀನಿ, ಇಬ್ರೂ ಹೋಗೂಣು" ಅಂದರು.

ಹೋಗಿ ಬಂದೆವು. ಈ ಸಲ ಬೇರೆ ಡಾಕ್ಟರ್, ಹೆಂಗಸು, ಪರದೆ ಎಳೆದು ಒಳಗೆ ನೋಡಿದರು. ನಾಲ್ಕು ವರ್ಷದಲ್ಲಿ ಮೊದಲನೇ ಸಲ. ಗರ್ಭಚೀಲದ ಬಾಯಿ ಕೆಂಪಾಗಿದೆ ಅಂದರು. ನನ್ನ ಸ್ವ್ಯಾಬ್, ಅವರ ಮೂತ್ರ, ವೀರ್ಯ ಎಲ್ಲ ಕೊಟ್ಟಿದ್ದೇವೆ, ಟಿಬಿಗೂ ಬರೆದಿದ್ದಾರೆ. ಮೊದಲು ಬರುವ ಮೂತ್ರವನ್ನೇ ಹಿಡಿಯಬೇಕು ಅಂತ ಲ್ಯಾಬಿನವರಿಗಿಂತ ಮುಂಚೆ ಇವರೇ ಹೇಳಿದರು, ಇಲ್ಲಿ ಓದಿದ್ದರಲ್ಲ. ರಿಪೋರ್ಟ್ ಶುಕ್ರವಾರ. ಬಲಗಡೆಯ ಟ್ಯೂಬ್ ಬಗ್ಗೆ ಅವರಿಗೂ ಸಂಶಯ ಇದೆ, ಸೋಂಕಿನದು ಮುಗಿಸಿ ಲ್ಯಾಪ್ರೊಸ್ಕೋಪಿ ಮಾಡೋಣ ಅಂದಿದ್ದಾರೆ. ಸಿಸ್ಟರ್, ಅದಕ್ಕೆ ಮುಟ್ಟಾದ ಎಷ್ಟನೇ ದಿನ ಹೋಗಬೇಕು?

ರಾಣೆಬೆನ್ನೂರು_ಸಿಸ್ಟರ್:

ಸಾಮಾನ್ಯವಾಗಿ ಮುಟ್ಟು ಪೂರ್ತಿ ನಿಂತ ಮೇಲೆ, ಅಂಡ ಬಿಡುಗಡೆ ಆಗುವ ಮೊದಲು ಮಾಡುತ್ತಾರೆ. ದಿನ ಅವರೇ ಹೇಳುತ್ತಾರೆ, ನೀನು ಮುಟ್ಟಾದ ತಾರೀಖು ಬರೆದಿಟ್ಟುಕೋ. ಹಳೆಯ ಎಕ್ಸ್‌ರೇಯ ಫಿಲ್ಮ್ ತಗೊಂಡು ಹೋಗು, ರಿಪೋರ್ಟಿನ ಕಾಗದ ಒಂದೇ ಸಾಲದು. ಶುಕ್ರವಾರ ಏನು ಬಂತು ಅಂತ ಇಲ್ಲೇ ಬರಿ, ಕಾಯುತ್ತಿರುತ್ತೇನೆ.